ಹಸುವಿನ ಭ್ರೂಣಕ್ಕೆ ಕೊಬ್ಬು ಹೇಳುವ ಮಾತು: ಮೊದಲ 8 ದಿನಗಳ ಲ್ಯಾಬ್ ಮಾರ್ಗದರ್ಶಿ

ಹಸು ಬೆದೆಗೆ ಬಂತು, ಸೆಮೆನ್ ಕೊಡಿಸಿದ್ದಾಯಿತು. 21ನೇ ದಿನಕ್ಕೆ ಮತ್ತೆ ಬೆದೆ. ‘ಗಬ್ಬ ನಿಲ್ಲಲಿಲ್ಲ’ ಅಂದುಕೊಂಡು ಸುಮ್ಮನಾಗುತ್ತೇವೆ. ಆದರೆ ಬಹಳ ಸಲ ಅಂಡಾಣು, ವೀರ್ಯಾಣು ಸೇರಿರುತ್ತವೆ, ಭ್ರೂಣ ಬೆಳೆಯಲು ಶುರುವೂ ಮಾಡಿರುತ್ತದೆ. ಯಾರ ಗಮನಕ್ಕೂ ಬಾರದೆ ಮೊದಲ ಎರಡು ಮೂರು ವಾರಗಳಲ್ಲೇ ಸತ್ತುಹೋಗಿರುತ್ತದೆ, ಅಷ್ಟೇ.

ಆ ದಿನಗಳಲ್ಲಿ ಭ್ರೂಣಕ್ಕೆ ‘ಬದುಕು’, ‘ಸಾಯಿ’, ‘ಒಡೆ’, ‘ಕಾಯಿ’ ಅಂತ ಸುದ್ದಿ ಮುಟ್ಟಿಸುವ ಅಣುಗಳಲ್ಲಿ ಕೆಲವು ಕೊಬ್ಬಿನ ಜಾತಿಯವು. ಇವನ್ನು ಸಿಗ್ನಲಿಂಗ್ ಲಿಪಿಡ್ ಎನ್ನುತ್ತಾರೆ. ಹಸುವಿನ ಅಂಡಾಣುವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದವರಿಗೆ ಅದು ಕಪ್ಪಗೆ ಕಾಣುವುದು ಗೊತ್ತು. ಒಳಗೆ ತುಂಬಿರುವ ಕೊಬ್ಬಿನ ಹನಿಗಳೇ ಅದಕ್ಕೆ ಕಾರಣ. ಆ ಹನಿಗಳು ಉರಿಸಲು ಇಟ್ಟುಕೊಂಡ ಸೌದೆ. ನಾವು ಮಾತಾಡುತ್ತಿರುವುದು ಸೌದೆಯ ಬಗ್ಗೆ ಅಲ್ಲ. ಕೋಶದ ಹೊರಪೊರೆಯ ಕೊಬ್ಬಿನಿಂದ ಕತ್ತರಿಸಿ ತೆಗೆದು, ಚಿಟಿಕೆಯಷ್ಟೂ ಇಲ್ಲದ ಪ್ರಮಾಣದಲ್ಲಿ, ಪಕ್ಕದ ಕೋಶಕ್ಕೆ ಕಳಿಸುವ ಚೀಟಿಗಳ ಬಗ್ಗೆ.

ಎಂ.ವಿ.ಎಸ್‌ಸಿ. ಅಥವಾ ಜೀವವಿಜ್ಞಾನ ಓದುತ್ತಾ, ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಈ ಲಿಪಿಡ್‌ಗಳ ಪರಿಣಾಮ ನೋಡಬೇಕು ಅನ್ನುವವರಿಗೆ ಇದನ್ನು ಬರೆದಿದ್ದೇನೆ. ಕೊಟ್ಟಿಗೆಯ ಕಡೆಯಿಂದ ಬಂದವರು 1, 2 ಮತ್ತು 8ನೇ ಹಂತ ಓದಿದರೂ ವಿಷಯ ಸಿಗುತ್ತದೆ.

ಹಂತ 1: ಮೊದಲು ದಿನಗಳ ಲೆಕ್ಕ ಸರಿ ಮಾಡಿಕೊಳ್ಳಿ

ಲ್ಯಾಬಿನಲ್ಲಿ ಅಂಡಾಣುವಿನ ಜೊತೆ ವೀರ್ಯಾಣು ಬಿಟ್ಟ ದಿನವೇ ದಿನ 0. ಹೊಲ ಮನೆಯ ಲೆಕ್ಕದಲ್ಲಿ ಬೆದೆಯ ದಿನ 0. ಎರಡೂ ಒಂದೇ ಅಲ್ಲ. ಪೇಪರ್ ಓದುವಾಗ ಯಾವ ಲೆಕ್ಕ ಅಂತ ನೋಡದೆ ‘7ನೇ ದಿನ’ವನ್ನು ಹೋಲಿಸಿ ಕಷ್ಟಕ್ಕೆ ಸಿಕ್ಕಿದವರು ಜಾಸ್ತಿ.

2ನೇ ದಿನದ ಹೊತ್ತಿಗೆ ಭ್ರೂಣ ಒಡೆದು ಕೆಲವು ಕೋಶಗಳಾಗಿರುತ್ತದೆ. 8ರಿಂದ 16 ಕೋಶಗಳ ಹಂತದಲ್ಲಿ ಒಂದು ದೊಡ್ಡ ಬದಲಾವಣೆ ನಡೆಯುತ್ತದೆ. ಅಲ್ಲಿಯವರೆಗೆ ತಾಯಿ ಅಂಡಾಣುವಿನಲ್ಲಿ ತುಂಬಿಟ್ಟ ಬುತ್ತಿಯಲ್ಲೇ ದಿನ ದೂಡಿದ ಭ್ರೂಣ, ಈಗ ತನ್ನದೇ ಜೀನ್‌ಗಳನ್ನು ಜೋರಾಗಿ ಓದಲು ಶುರು ಮಾಡುತ್ತದೆ. 5ನೇ ದಿನಕ್ಕೆ ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಉಂಡೆಯಾಗುತ್ತವೆ, ಅದು ಮೊರುಲಾ. 7, 8ನೇ ದಿನಕ್ಕೆ ನಡುವೆ ನೀರು ತುಂಬಿದ ಬ್ಲಾಸ್ಟೊಸಿಸ್ಟ್. ಅದರ ಒಳಗುಂಪು ಕರುವಾಗುತ್ತದೆ, ಹೊರಪದರ ಮಾಸಿನ ಭಾಗವಾಗುತ್ತದೆ.

ಇಷ್ಟನ್ನು ಯಾಕೆ ಹೇಳಿದೆ ಅಂದರೆ, ಒಂದೇ ಲಿಪಿಡ್ 2ನೇ ದಿನ ಹೇಳುವುದು ಒಂದು, 5ನೇ ದಿನ ಹೇಳುವುದು ಇನ್ನೊಂದು. ಉದಾಹರಣೆಗೆ, 2 ಅಥವಾ 4 ಕೋಶಗಳ ಭ್ರೂಣಕ್ಕೆ ಬಿಸಿ ತಾಗಿಸಿದರೆ ಕೋಶಗಳು ಆತ್ಮಹತ್ಯೆಯ ದಾರಿ ಹಿಡಿಯುವುದಿಲ್ಲ. ಭ್ರೂಣದಲ್ಲಿ ಆ ಯಂತ್ರ ಚಾಲೂ ಆಗುವುದೇ 8ರಿಂದ 16 ಕೋಶಗಳ ಹಂತದಲ್ಲಿ. ಹಾಗಾಗಿ ‘ಸಾವಿನಿಂದ ಕಾಪಾಡುವ ಲಿಪಿಡ್’ ಅಂತ ಏನನ್ನೋ ಮೊದಲ ದಿನ ಮಾತ್ರ ಹಾಕಿ ‘ಏನೂ ಆಗಲಿಲ್ಲ’ ಅಂದರೆ, ತಪ್ಪು ಲಿಪಿಡ್‌ದಲ್ಲ.

ಹಂತ 2: ಯಾವ ಲಿಪಿಡ್ ಅಂತ ತೀರ್ಮಾನಿಸಿ

ಪಟ್ಟಿ ಉದ್ದವಿದೆ. ಶುರು ಮಾಡುವವರು ಮೂರು ಮನೆತನಗಳನ್ನು ತಿಳಿದುಕೊಂಡರೆ ಸಾಕು.

ಮೊದಲನೆಯದು ಪ್ರೋಸ್ಟಗ್ಲಾಂಡಿನ್. ಅರಾಕಿಡೋನಿಕ್ ಆಮ್ಲ ಅನ್ನುವ ಕೊಬ್ಬಿನಾಮ್ಲದಿಂದ ಕಾಕ್ಸ್ ಕಿಣ್ವಗಳು ಇದನ್ನು ತಯಾರಿಸುತ್ತವೆ. ಇದರ ಇಬ್ಬರು ಮಕ್ಕಳಿಗೆ ಒಬ್ಬರ ಮುಖ ಒಬ್ಬರಿಗೆ ಆಗದು. ಪಿಜಿಇ2 ಅಂಡಾಣುವಿನ ಸುತ್ತಲಿನ ಕ್ಯುಮುಲಸ್ ಕೋಶಗಳು ಅರಳಲು ಬೇಕು. ಪಿಜಿಎಫ್2 ಆಲ್ಫಾ ಅಂಡಾಶಯದ ಕಾರ್ಪಸ್ ಲ್ಯೂಟಿಯಮ್ಮನ್ನು (ಗಬ್ಬ ಉಳಿಸುವ ಹಾರ್ಮೋನ್ ಬಿಡುವ ಗಂಟು) ಕರಗಿಸಿ ಹಸುವನ್ನು ಮತ್ತೆ ಬೆದೆಗೆ ತರುತ್ತದೆ. ಇದನ್ನು ನೇರವಾಗಿ ಭ್ರೂಣದ ಮೇಲೆ ಹಾಕಿದರೂ ಒಳ್ಳೆಯದಾಗುವುದಿಲ್ಲ, ಬೆಳವಣಿಗೆ ಕುಂಠಿತವಾಗುತ್ತದೆ.

ಎರಡನೆಯದು ಸ್ಫಿಂಗೋಲಿಪಿಡ್. ಪೊರೆಯಲ್ಲಿರುವ ಸ್ಫಿಂಗೋಮಯಲಿನ್ ಒಡೆದರೆ ಸೆರಮೈಡ್. ಅದನ್ನು ಇನ್ನೂ ಒಡೆದರೆ ಸ್ಫಿಂಗೋಸಿನ್. ಅದಕ್ಕೆ ಒಂದು ಫಾಸ್ಫೇಟ್ ಅಂಟಿಸಿದರೆ ಎಸ್1ಪಿ, ಅಂದರೆ ಸ್ಫಿಂಗೋಸಿನ್-1-ಫಾಸ್ಫೇಟ್. ಸೆರಮೈಡ್ ಜಾಸ್ತಿಯಾದರೆ ಕೋಶ ಸಾವಿನ ಕಡೆ ವಾಲುತ್ತದೆ, ಎಸ್1ಪಿ ಜಾಸ್ತಿಯಾದರೆ ಬದುಕಿನ ಕಡೆ. ಒಂದೇ ದಾರಿಯಲ್ಲಿ ಎರಡು ಮನೆ ಮುಂದೆ ಹೋಗುವಷ್ಟರಲ್ಲಿ ಅರ್ಥವೇ ತಿರುಗಿಬಿಡುತ್ತದೆ. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದದ್ದು ಇದೇ.

ಮೂರನೆಯದು ಎಲ್‌ಪಿಎ, ಅಂದರೆ ಲೈಸೊಫಾಸ್ಫಾಟಿಡಿಕ್ ಆಮ್ಲ. ಆಟೋಟ್ಯಾಕ್ಸಿನ್ ಅನ್ನುವ ಕಿಣ್ವ ಕೋಶದ ಹೊರಗೇ ಇದನ್ನು ತಯಾರಿಸುತ್ತದೆ. ಕೋಶದ ಮೇಲೆ ಇದಕ್ಕೆ 6 ಬಗೆಯ ಗ್ರಾಹಕಗಳಿವೆ, ಅಂದರೆ ಸುದ್ದಿ ಹಿಡಿಯುವ ಪ್ರೋಟೀನ್‌ಗಳು (ರಿಸೆಪ್ಟರ್). ಹಸುವಿನ 5 ಮತ್ತು 8ನೇ ದಿನದ ಭ್ರೂಣಗಳಲ್ಲಿ ಆಟೋಟ್ಯಾಕ್ಸಿನ್ನೂ ಇದೆ, ಮೊದಲ 4 ಗ್ರಾಹಕಗಳೂ ಇವೆ. ಅಷ್ಟೇ ಅಲ್ಲ, ಭ್ರೂಣ ತಾನೇ ಎಲ್‌ಪಿಎ ತಯಾರಿಸಿ ಸುತ್ತಲಿನ ದ್ರವಕ್ಕೆ ಬಿಡುತ್ತದೆ. ಕಾಗದ ಬರೆಯುವುದೂ ಅದೇ, ಓದುವುದೂ ಅದೇ.

ಈ ಮಾರ್ಗದರ್ಶಿಯ ಮುಖ್ಯ ಪ್ರಯೋಗಕ್ಕೆ ಎಲ್‌ಪಿಎ ಆರಿಸಿಕೊಂಡಿದ್ದೇನೆ. ನಡುವೆ ಎಸ್1ಪಿ ಬರುತ್ತದೆ.

ಹಂತ 3: ಅಂಡಾಣು ಎಲ್ಲಿಂದ?

ವಿದೇಶದ ಪ್ರೋಟೊಕಾಲ್‌ಗಳು ‘ಕಸಾಯಿಖಾನೆಯಿಂದ ಹಸುವಿನ ಅಂಡಾಶಯ ತನ್ನಿ’ ಅಂತ ಶುರುವಾಗುತ್ತವೆ. ಕರ್ನಾಟಕದಲ್ಲಿ ಕುಳಿತು ಅದನ್ನು ಹಾಗೇ ನಕಲು ಮಾಡಲು ಆಗುವುದಿಲ್ಲ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಪ್ರಕಾರ ಇಲ್ಲಿ ಹಸು ವಧೆ ನಿಷೇಧ, 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ಪ್ರಮಾಣಪತ್ರದೊಂದಿಗೆ ಅವಕಾಶ. ಹಾಗಾಗಿ ನಿಮ್ಮ ಮುಂದೆ ಎರಡು ದಾರಿ. ಬದುಕಿರುವ ಹಸುವಿನಿಂದ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಿಂದ ಅಂಡಾಣು ಹೀರುವುದು, ಅಂದರೆ ಓಪಿಯು. ಇಲ್ಲವೇ ಎಮ್ಮೆಯ ಅಂಡಾಶಯದಲ್ಲಿ ಕೆಲಸ ಮಾಡುವುದು.

ಎಮ್ಮೆಯ ಅಂಡಾಶಯದಿಂದ ಸಿಗುವ ಒಳ್ಳೆಯ ಅಂಡಾಣು ಒಂದೋ ಎರಡೋ. ಹಸುವಿನಲ್ಲಿ ಅದರ ಹಲವು ಪಟ್ಟು. ಎಮ್ಮೆ ಭ್ರೂಣ ಹಸುವಿನದಕ್ಕಿಂತ ಸ್ವಲ್ಪ ಬೇಗ ಬೆಳೆಯುತ್ತದೆ ಕೂಡ. ಎಮ್ಮೆಯಲ್ಲಿ ಮಾಡಿ, ಹಸುವಿನದು ಅಂತ ಬರೆಯಬೇಡಿ. ಸಣ್ಣ ಮಾತು ಅನಿಸಬಹುದು, ಥೀಸಿಸ್ ವೈವಾದಲ್ಲಿ ಮೊದಲ ಪ್ರಶ್ನೆಯೇ ಇದಾಗಿರುತ್ತದೆ. ಯಾವ ದಾರಿ ಹಿಡಿದರೂ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಕೈಯಲ್ಲಿರಲಿ.

ಸುಮಾರು 2ರಿಂದ 8 ಮಿಲಿಮೀಟರ್ ಗಾತ್ರದ ಕೋಶಕಗಳಿಂದ (ಅಂಡಾಣು ಇರುವ ನೀರುಗುಳ್ಳೆ, ಫಾಲಿಕಲ್) ಹೀರಿಕೊಳ್ಳಿ. ಸುತ್ತ ಕ್ಯುಮುಲಸ್ ಪದರಗಳು ಬಿಗಿಯಾಗಿ ಇರುವ, ಒಳಗೆ ಬಣ್ಣ ಒಂದೇ ಸಮ ಇರುವ ಅಂಡಾಣುಗಳನ್ನು ಮಾತ್ರ ಆರಿಸಿ. ಎಲ್ಲವನ್ನೂ ಒಂದು ತಟ್ಟೆಗೆ ಹಾಕಿ ಬೆರೆಸಿ, ಆಮೇಲೆ ಗುಂಪುಗಳಿಗೆ ಹಂಚಿ. ಚೆಂದದವನ್ನು ಮೊದಲ ಗುಂಪಿಗೆ, ಉಳಿದವನ್ನು ಕೊನೆಯ ಗುಂಪಿಗೆ ಹಾಕುವ ಚಾಳಿ ಕೈಗೆ ಗೊತ್ತಿಲ್ಲದೇ ಬರುತ್ತದೆ.

ಹಂತ 4: ಮಾಗಿಸುವುದು, ಮತ್ತು ಬಿಸಿಲಿನ ಪ್ರಯೋಗ

ಅಂಡಾಣುಗಳನ್ನು ಎಫ್‌ಎಸ್‌ಎಚ್ (ಕೋಶಕ ಬೆಳೆಸುವ ಹಾರ್ಮೋನ್) ಇರುವ ಟಿಸಿಎಂ-199 ಕಲ್ಚರ್ ದ್ರವದಲ್ಲಿ 38.5 ಡಿಗ್ರಿ ಸೆಲ್ಸಿಯಸ್, 5% ಕಾರ್ಬನ್ ಡೈಆಕ್ಸೈಡ್‌ನಲ್ಲಿ 22ರಿಂದ 24 ಗಂಟೆ ಇಡುತ್ತೇವೆ. ಕ್ಯುಮುಲಸ್ ಅರಳಿ ಮೋಡದ ಹಾಗೆ ಕಂಡರೆ ಮಾಗುವ ಕೆಲಸ ಸರಿಯಾಗಿ ನಡೆಯುತ್ತಿದೆ. ಆ ಅರಳುವಿಕೆಯ ಹಿಂದೆ ಪಿಜಿಇ2 ಇದೆ ಅನ್ನುವುದು ನೆನಪಿರಲಿ. ಕಾಕ್ಸ್ ಕಿಣ್ವ ತಡೆಯುವ ಔಷಧಿ ಹಾಕಿ ನೋಡಿದರೆ ಕಣ್ಣಾರೆ ವ್ಯತ್ಯಾಸ ಕಾಣಬಹುದು. ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಸುಲಭದ ಪ್ರಯೋಗ ಇಲ್ಲ.

ನಮ್ಮ ಬಿಸಿಲಿಗೆ ಹೊಂದುವ ಇನ್ನೊಂದು ಪ್ರಯೋಗ ಫ್ಲಾರಿಡಾದಿಂದ ಬಂದದ್ದು. ಪೀಟರ್ ಹ್ಯಾನ್ಸೆನ್ ಅವರ ಲ್ಯಾಬಿನಲ್ಲಿ ಝ್ವಿ ರಾತ್ ಮಾಡಿದ ಕೆಲಸ, ಪ್ರಕಟವಾಗಿದ್ದು 2004ರಲ್ಲಿ. ಅವರು ಮಾಗುವ ಅವಧಿಯಲ್ಲಿ ಅಂಡಾಣುಗಳಿಗೆ 41 ಡಿಗ್ರಿ ಕಾವು ಕೊಟ್ಟರು. ಬಿಸಿಲಲ್ಲಿ ಏದುಸಿರು ಬಿಡುವ ಹಸುವಿನ ಮೈ ಅಷ್ಟು ಬಿಸಿಯಾಗುತ್ತದೆ. ನಿರೀಕ್ಷೆಯಂತೆ ಬ್ಲಾಸ್ಟೊಸಿಸ್ಟ್ ಕಡಿಮೆಯಾಯಿತು. ಆದರೆ ದ್ರವದಲ್ಲಿ 50 ನ್ಯಾನೋಮೋಲಾರ್ ಎಸ್1ಪಿ ಇದ್ದಾಗ ಆ ಪೆಟ್ಟು ತಪ್ಪಿತು. ಬಿಸಿಗೆ ಅಂಡಾಣು ಬೆಂದು ಹಾಳಾಗುವುದಷ್ಟೇ ಅಲ್ಲ, ‘ಸಾಯಿ’ ಅನ್ನುವ ಸುದ್ದಿ ಕೇಳಿಯೂ ಸಾಯುತ್ತದೆ. ಆ ಸುದ್ದಿಯನ್ನು ಮತ್ತೊಂದು ಸುದ್ದಿ ತಡೆಯಬಲ್ಲದು.

ಇದನ್ನು ನೀವು ಮಾಡುವುದಾದರೆ 4 ಗುಂಪು ಬೇಕು: 38.5 ಡಿಗ್ರಿ, 41 ಡಿಗ್ರಿ, ಎರಡರಲ್ಲೂ ಎಸ್1ಪಿ ಇದ್ದು ಮತ್ತು ಇಲ್ಲದೆ. 38.5ರಲ್ಲಿ ಎಸ್1ಪಿ ಹಾಕಿದ ಗುಂಪನ್ನು ದುಡ್ಡು ಉಳಿಸಲು ಬಿಡಬೇಡಿ. ಅದಿಲ್ಲದಿದ್ದರೆ, ಲಿಪಿಡ್ ಬಿಸಿಯ ಏಟನ್ನು ತಡೆಯಿತೋ, ಸುಮ್ನೆ ಎಲ್ಲ ಅಂಡಾಣುಗಳನ್ನೂ ಚುರುಕು ಮಾಡಿತೋ ಗೊತ್ತಾಗುವುದಿಲ್ಲ.

ಹಂತ 5: ಫಲೀಕರಣ

ಇಲ್ಲಿ ಹೊಸದೇನಿಲ್ಲ. ಕರಗಿಸಿದ ಸೆಮೆನ್‌ನಿಂದ ಚುರುಕು ವೀರ್ಯಾಣು ಬೇರ್ಪಡಿಸಿ, ಹೆಪಾರಿನ್ ಇರುವ ದ್ರವದಲ್ಲಿ ಮಿಲಿಲೀಟರಿಗೆ 10ರಿಂದ 20 ಲಕ್ಷದ ಲೆಕ್ಕದಲ್ಲಿ ಬಿಡಿ. 18ರಿಂದ 20 ಗಂಟೆ ಸಾಕು. ಆಮೇಲೆ ಕ್ಯುಮುಲಸ್ ಕೋಶಗಳನ್ನು ಪೂರ್ತಿ ಉದುರಿಸಿ. ಪೂರ್ತಿ ಅನ್ನುವುದಕ್ಕೆ ಒತ್ತು ಕೊಡುತ್ತೇನೆ. ಅಂಟಿಕೊಂಡ ಕ್ಯುಮುಲಸ್ ತಾನೂ ಲಿಪಿಡ್ ಸುದ್ದಿ ಬಿಡುತ್ತದೆ, ನೀವು ಅಳೆಯುವುದು ಭ್ರೂಣದ್ದೋ ಅದರದ್ದೋ ಅನ್ನುವ ಗೊಂದಲ ಶುರುವಾಗುತ್ತದೆ. ಇಡೀ ಪ್ರಯೋಗಕ್ಕೆ ಒಂದೇ ಹೋರಿಯ, ಒಂದೇ ಬ್ಯಾಚಿನ ಸ್ಟ್ರಾಗಳನ್ನು ಎತ್ತಿಡಿ.

ಹಂತ 6: ಲಿಪಿಡ್ ತಯಾರಿ, ಪ್ರಯೋಗ ಕೆಡುವುದು ಇಲ್ಲೇ

ನಿಧಾನವಾಗಿ ಓದಿ. ಎಲ್‌ಪಿಎ ಉಪ್ಪಿನ ಹಾಗೆ ನೀರಿಗೆ ಹಾಕಿ ಕಲಕುವ ವಸ್ತು ಅಲ್ಲ.

ಸಾಮಾನ್ಯವಾಗಿ ಬಳಸುವುದು ಓಲಿಯೋಯ್ಲ್ ಎಲ್‌ಪಿಎ, ಸೋಡಿಯಂ ಲವಣ. ಅಣುತೂಕ ಸುಮಾರು 458.5. ಕೊಬ್ಬಿನಾಮ್ಲ ತೆಗೆದ ಬಿಎಸ್ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಇರುವ ಬಫರ್‌ನಲ್ಲಿ ಮಿಲಿಲೀಟರಿಗೆ 4.585 ಮಿಲಿಗ್ರಾಂ ಕರಗಿಸಿದರೆ 10 ಮಿಲಿಮೋಲಾರ್ ಸ್ಟಾಕ್. ಇದನ್ನು ಕಲ್ಚರ್ ದ್ರವದಲ್ಲಿ 1000 ಪಟ್ಟು ತೆಳು ಮಾಡಿದರೆ 10 ಮೈಕ್ರೋಮೋಲಾರ್. ಸ್ಟಾಕನ್ನು ಒಂದು ಸಲಕ್ಕೆ ಬೇಕಾಗುವಷ್ಟು ಸಣ್ಣ ಸಣ್ಣ ಟ್ಯೂಬುಗಳಲ್ಲಿ ಹಾಕಿ ಮೈನಸ್ 80ರಲ್ಲಿಡಿ. ತೆಗೆದದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ.

ಬಿಎಸ್ಎ ಯಾಕೆ? ಈ ಲಿಪಿಡ್‌ಗಳು ಗಾಜು, ಪ್ಲಾಸ್ಟಿಕ್ ಏನು ಸಿಕ್ಕರೂ ಅಂಟಿಕೊಳ್ಳುತ್ತವೆ. ಜೊತೆಗೆ ಹೊತ್ತೊಯ್ಯುವ ಪ್ರೋಟೀನ್ ಇಲ್ಲದಿದ್ದರೆ ನೀವು ಹಾಕಿದ ಅರ್ಧ ಟ್ಯೂಬಿನ ಗೋಡೆಯಲ್ಲೇ ಉಳಿಯಬಹುದು. ಮಾಮೂಲಿ ಬಿಎಸ್ಎ ಬೇಡ. ಅದು ತನ್ನ ಬೆನ್ನ ಮೇಲೆ ಬೇರೆ ಕೊಬ್ಬಿನಾಮ್ಲಗಳನ್ನು ಹೊತ್ತುಕೊಂಡೇ ಬಂದಿರುತ್ತದೆ.

ಇನ್ನು ಸೀರಮ್. ಈ ತಪ್ಪನ್ನು ನಾನೇ ಮಾಡಿದ್ದೇನೆ. ಆಗ ನಾನಿದ್ದ ಲ್ಯಾಬಿನಲ್ಲಿ ಕಲ್ಚರ್ ದ್ರವಕ್ಕೆ ಸೀರಮ್ ಹಾಕುವುದು ರೂಢಿ. ನಾನೂ ಹಾಕಿದೆ. ಮೂರು ವಾರ ಕಂಟ್ರೋಲ್ ಗುಂಪಿಗೂ ಎಲ್‌ಪಿಎ ಗುಂಪಿಗೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಸೀನಿಯರ್ ಒಬ್ಬರು ಬಂದು ‘ಸೀರಮ್ ಅಂದ್ರೆ ಏನು, ಹೇಗೆ ತಯಾರಾಗುತ್ತೆ ಹೇಳು’ ಅಂದರು. ಹೇಳುತ್ತಾ ಹೇಳುತ್ತಾ ಹೊಳೆಯಿತು. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳ ಕೆಲಸದಿಂದ ಎಲ್‌ಪಿಎ ಮತ್ತು ಎಸ್1ಪಿ ಎರಡೂ ಸೀರಮ್ಮಿಗೆ ಬಂದು ಸೇರುತ್ತವೆ. ಎಲ್‌ಪಿಎ ಮೈಕ್ರೋಮೋಲಾರ್ ಮಟ್ಟದಲ್ಲಿ, ಎಸ್1ಪಿ ನೂರಾರು ನ್ಯಾನೋಮೋಲಾರ್ ಮಟ್ಟದಲ್ಲಿ. 10% ಸೀರಮ್ ಹಾಕಿದರೆ ಹತ್ತಾರು ನ್ಯಾನೋಮೋಲಾರ್ ಎಸ್1ಪಿ ಆಗಲೇ ದ್ರವದಲ್ಲಿದೆ. ಮೇಲೆ ಹೇಳಿದ 50 ನ್ಯಾನೋಮೋಲಾರ್ ಪ್ರಯೋಗಕ್ಕೆ ಅದು ಎಷ್ಟು ಹತ್ತಿರ ನೋಡಿ. ನನ್ನ ಕಂಟ್ರೋಲ್ ಗುಂಪು ಕಂಟ್ರೋಲೇ ಆಗಿರಲಿಲ್ಲ.

ಮೂರನೇ ಕಳ್ಳ, ಭ್ರೂಣ ಬೆಳೆಸುವ ದ್ರವದ ಹನಿಯ ಮೇಲೆ ಹೊದಿಸುವ ಮಿನರಲ್ ಆಯಿಲ್. ಕೊಬ್ಬಿನಲ್ಲಿ ಕರಗುವುದನ್ನು ಎಣ್ಣೆ ಸದ್ದಿಲ್ಲದೆ ಎಳೆದುಕೊಳ್ಳುತ್ತದೆ. ಪ್ರೊಜೆಸ್ಟರಾನ್‌ನಂಥ ಸ್ಟಿರಾಯ್ಡ್‌ಗಳಲ್ಲಿ ಇದು ಜೋರು. ಅಂಥದ್ದನ್ನು ಪರೀಕ್ಷಿಸುವವರು ಎಣ್ಣೆಯಿಲ್ಲದೆ, 4 ಗುಂಡಿಯ ತಟ್ಟೆಯಲ್ಲಿ 500 ಮೈಕ್ರೋಲೀಟರ್ ದ್ರವ ಹಾಕಿ ಬೆಳೆಸುವುದು ಲೇಸು. ಇನ್‌ಕ್ಯುಬೇಟರ್‌ನಲ್ಲಿ ತೇವ ಚೆನ್ನಾಗಿರಬೇಕು, ಅಷ್ಟೇ.

ಎಸ್1ಪಿ ನೀರಿನಲ್ಲಿ ಇನ್ನೂ ಮೊಂಡು, ಕಂಪನಿಯ ಚೀಟಿಯಲ್ಲಿ ಹೇಳಿದ ದ್ರಾವಕವನ್ನೇ ಬಳಸಿ. ಪ್ರೋಸ್ಟಗ್ಲಾಂಡಿನ್ ಮನೆತನದ ಪ್ರೊಸ್ಟಸೈಕ್ಲಿನ್ ಅಂತೂ ಸಾಮಾನ್ಯ ಪಿಎಚ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ಕೆಡುತ್ತದೆ, ಅದರ ಬದಲು ಐಲೊಪ್ರಾಸ್ಟ್‌ನಂಥ ಗಟ್ಟಿ ರೂಪ ಬೇಕು. ಪಿಜಿಎಫ್2 ಆಲ್ಫಾ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಗರ್ಭಿಣಿಯರು, ಆಸ್ತಮಾ ಇರುವವರು ಅದನ್ನು ಮುಟ್ಟಲೇಬಾರದು. ಉಳಿದವರು ಗ್ಲೌಸ್ ಇಲ್ಲದೆ ಮುಟ್ಟಬಾರದು.

ಹಂತ 7: ಗುಂಪು ಮಾಡಿ, ಬೆಳೆಸಿ, ಒಳಗೆ ಇಣುಕಿ

ಭ್ರೂಣಗಳನ್ನು ಎಸ್‌ಓಎಫ್ (ಅಂಡನಾಳದ ದ್ರವವನ್ನು ಹೋಲುವ) ದ್ರವದಲ್ಲಿ, 5% ಕಾರ್ಬನ್ ಡೈಆಕ್ಸೈಡ್ ಮತ್ತು 5% ಆಮ್ಲಜನಕದಲ್ಲಿ ಬೆಳೆಸಿ. ಗುಂಪುಗಳು ಇವು: ಬರೀ ದ್ರವ, ಬಿಎಸ್ಎ ಬಫರ್ ಮಾತ್ರ, ಎಲ್‌ಪಿಎ, ಎಲ್‌ಪಿಎ ಗ್ರಾಹಕ ತಡೆಯುವ ಕೆಐ16425, ಎರಡೂ ಸೇರಿಸಿ. ಕೆಐ16425 ಮುಖ್ಯವಾಗಿ 1 ಮತ್ತು 3ನೇ ಗ್ರಾಹಕಗಳನ್ನು ಮುಚ್ಚುತ್ತದೆ, ಎಲ್ಲವನ್ನೂ ಅಲ್ಲ. ಬರೀ ತಡೆ ಹಾಕಿದ ಗುಂಪು ಸ್ವಾರಸ್ಯದ್ದು. ಭ್ರೂಣ ತಾನೇ ಎಲ್‌ಪಿಎ ತಯಾರಿಸುವುದರಿಂದ, ಹೊರಗಿನಿಂದ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕಿಂತ ಅದರ ಸ್ವಂತ ಮಾತನ್ನು ತಡೆದರೆ ಏನಾಗುತ್ತದೆ ಅನ್ನುವುದೇ ದೊಡ್ಡ ಪ್ರಶ್ನೆ.

ಜೊತೆಗೆ ಭ್ರೂಣವೇ ಇಲ್ಲದ ಒಂದು ಖಾಲಿ ಹನಿಯನ್ನೂ ಅಷ್ಟೇ ದಿನ ಇನ್‌ಕ್ಯುಬೇಟರ್‌ನಲ್ಲಿಡಿ. ಕೊನೆಗೆ ದ್ರವದಲ್ಲಿ ಎಲ್‌ಪಿಎ ಅಳೆದಾಗ, ಖಾಲಿ ಹನಿಯಲ್ಲಿ ಬಂದದ್ದನ್ನು ಕಳೆಯಬೇಕು.

2ನೇ ದಿನ ಎಷ್ಟು ಒಡೆದವು ಎಣಿಸಿ. ಒಡೆದವನ್ನು ಆರಿಸಿ ಆಯಾ ಗುಂಪಿನ ದ್ರವಕ್ಕೆ ಹಾಕಿ, 8ನೇ ದಿನದವರೆಗೆ ಬಿಡಿ. 7 ಮತ್ತು 8ನೇ ದಿನ ಬ್ಲಾಸ್ಟೊಸಿಸ್ಟ್ ಎಣಿಸಿ.

ಈಗ ಒಂದು ಕಹಿ ಮಾತು. ಸಂಖ್ಯೆಯಲ್ಲಿ ವ್ಯತ್ಯಾಸ ಕಾಣದೇ ಇರಬಹುದು. ಪೋರ್ಚುಗಲ್ ಮತ್ತು ಪೋಲೆಂಡ್‌ನ ಸಂಶೋಧಕರು ಇದೇ ಪ್ರಮಾಣ, ಇದೇ ದಿನಗಳಲ್ಲಿ ಮಾಡಿ 2014ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಬ್ಲಾಸ್ಟೊಸಿಸ್ಟ್‌ಗಳ ಸಂಖ್ಯೆಯೂ ಬದಲಾಗಲಿಲ್ಲ, ನೋಟಕ್ಕೆ ಗುಣಮಟ್ಟವೂ ಬದಲಾಗಲಿಲ್ಲ. ಆದರೆ ಒಳಗಿನ ಜೀನ್‌ಗಳನ್ನು ಅಳೆದಾಗ, ಸಾವಿನ ಕಡೆ ದೂಡುವ ಬ್ಯಾಕ್ಸ್ ಇಳಿದಿತ್ತು. ಸಾವು ತಡೆಯುವ ಬಿಸಿಎಲ್2 ಏರಿತ್ತು, ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2ಆರ್ ಕೂಡ ಏರಿತ್ತು. ತಟ್ಟೆಯಲ್ಲಿ ಒಂದೇ ತರ ಕಾಣುವ ಎರಡು ಭ್ರೂಣಗಳು ಒಳಗೆ ಬೇರೆ ಬೇರೆ ಮನಸ್ಥಿತಿಯಲ್ಲಿದ್ದವು. ನನ್ನ ಪ್ರಕಾರ ಈ ಕ್ಷೇತ್ರದ ಸಾರ ಇದೇ ಫಲಿತಾಂಶದಲ್ಲಿದೆ. ಬ್ಲಾಸ್ಟೊಸಿಸ್ಟ್ ಶೇಕಡಾವಾರು ಒಂದನ್ನೇ ನೋಡಿ ‘ಕೆಲಸ ಮಾಡಲ್ಲ’ ಅಂತ ಬರೆಯುವವರು ಅರ್ಧ ದಾರಿಯಲ್ಲೇ ಬಸ್ ಇಳಿದವರು.

ಆದ್ದರಿಂದ ಬ್ಲಾಸ್ಟೊಸಿಸ್ಟ್‌ಗಳನ್ನು ಮೂರು ಪಾಲು ಮಾಡಿ. ಒಂದು ಪಾಲನ್ನು ಹೆಕ್ಸ್ಟ್ ಬಣ್ಣದಲ್ಲಿ ಕೋಶ ಎಣಿಸಲು ಇಡಿ. ಹೊರಪದರಕ್ಕೆ ಸಿಡಿಎಕ್ಸ್2, ಸತ್ತ ಕೋಶಗಳಿಗೆ ಟ್ಯೂನಲ್ ಸೇರಿಸಬಹುದು. ಎರಡನೆಯದು ಆರ್‌ಎನ್‌ಎಗೆ, ಒಂದೇ ಹಂತದವನ್ನು ಮಾತ್ರ ಗುಂಪು ಮಾಡಿ. ಅರಳಿದ ಬ್ಲಾಸ್ಟೊಸಿಸ್ಟನ್ನು ಎಳೆಯದರ ಜೊತೆ ಬೆರೆಸಿದರೆ ಲಿಪಿಡ್‌ನ ಪರಿಣಾಮವಲ್ಲ, ವಯಸ್ಸಿನ ವ್ಯತ್ಯಾಸ ಅಳೆದಂತಾಗುತ್ತದೆ. ಮೂರನೆಯದನ್ನು ಫ್ರೀಜ್ ಮಾಡಿ, ಕರಗಿಸಿ, ಎಷ್ಟು ಮತ್ತೆ ಅರಳುತ್ತವೆ ನೋಡಿ. ನಿಜವಾದ ಗಟ್ಟಿತನ ಗೊತ್ತಾಗುವುದು ಅಲ್ಲಿ.

ಅಂಡಾಣು ಎಷ್ಟು ಬೇಕು ಅಂತ ಎಲ್ಲರೂ ಕೇಳುತ್ತಾರೆ. ಬ್ಲಾಸ್ಟೊಸಿಸ್ಟ್ 30%ನಿಂದ 40%ಗೆ ಏರಿತು ಅಂತ ನಂಬಿಕೆಯಿಂದ ಹೇಳಬೇಕಾದರೆ ಲೆಕ್ಕದ ಪ್ರಕಾರ ಗುಂಪಿಗೆ ಸುಮಾರು 350 ಅಂಡಾಣು ಬೇಕು. ಓಪಿಯು ಮಾಡುವವರಿಗೆ ಇದು ತಿಂಗಳುಗಳ ಕೆಲಸ. ಅದನ್ನು ಬೇರೆ ಬೇರೆ ದಿನಗಳ ಕನಿಷ್ಠ 5 ಸುತ್ತುಗಳಲ್ಲಿ ಮಾಡಿ. ಪ್ರತಿ ಸುತ್ತಿನಲ್ಲೂ ಎಲ್ಲ ಗುಂಪುಗಳೂ ಇರಲೇಬೇಕು. ಸೋಮವಾರದ ಕಂಟ್ರೋಲನ್ನು ಗುರುವಾರದ ಎಲ್‌ಪಿಎಗೆ ಹೋಲಿಸುವಂತಿಲ್ಲ.

ಹಂತ 8: 8ನೇ ದಿನದ ಆಚೆ

ತಟ್ಟೆಯ ಆಟ ಹೆಚ್ಚುಕಡಿಮೆ ಇಲ್ಲಿಗೆ ಮುಗಿಯುತ್ತದೆ. ಹಸುವಿನ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಮುಂಚೆ, ಸುಮಾರು 12ನೇ ದಿನದಿಂದ, ನೂಲಿನ ಹಾಗೆ ಉದ್ದವಾಗುತ್ತದೆ. ಇದಕ್ಕೆ ಗರ್ಭಕೋಶವೇ ಬೇಕು. ಆ ಉದ್ದದ ಪದರದಿಂದ ಇಂಟರ್‌ಫೆರಾನ್ ಟೌ ಅನ್ನುವ ಪ್ರೋಟೀನ್ ಹೊರಟು, 16, 17ನೇ ದಿನದ ಹೊತ್ತಿಗೆ ಪಿಜಿಎಫ್2 ಆಲ್ಫಾದ ಅಲೆಗಳನ್ನು ತಡೆದರೆ ಮಾತ್ರ ಗಬ್ಬ ಉಳಿಯುತ್ತದೆ. ಈ ಉದ್ದವಾಗುವ ಕೆಲಸಕ್ಕೂ ಪ್ರೋಸ್ಟಗ್ಲಾಂಡಿನ್ ಬೇಕು ಅನ್ನುವುದು ಕುರಿಗಳಲ್ಲಿ ಗೊತ್ತಾಯಿತು. ಗರ್ಭಕೋಶಕ್ಕೆ ಮೆಲೊಕ್ಸಿಕ್ಯಾಮ್ ಅನ್ನುವ ನೋವಿನ ಔಷಧಿ ಹರಿಸಿ ಕಾಕ್ಸ್ ತಡೆದಾಗ ಭ್ರೂಣ ಉದ್ದವಾಗಲಿಲ್ಲ. ಕುರಿ ಭ್ರೂಣದಲ್ಲಿ ಕೊಬ್ಬಿನ ಸುದ್ದಿ ಓದುವ ಪಿಪಿಎಆರ್ ಗಾಮಾವನ್ನು ಕುಗ್ಗಿಸಿದಾಗಲೂ ಅದೇ ಗತಿ. ಹಾಗಾಗಿ ಪ್ರೋಸ್ಟಗ್ಲಾಂಡಿನ್ ಅಂದರೆ ಗಬ್ಬ ಕೆಡಿಸುವುದು ಅಂತ ಒಂದೇ ಸಾಲಿನಲ್ಲಿ ಮುಗಿಸಲು ಬರುವುದಿಲ್ಲ.

ಕೊಟ್ಟಿಗೆಗೆ ಇದರಿಂದ ಸಿಗುವುದೇನು? ಎಲ್‌ಪಿಎ, ಎಸ್1ಪಿ ಹಾಕಿದ ಹಿಂಡಿ ಮಾರುತ್ತೇವೆ ಅಂತ ಯಾರಾದರೂ ಬಂದರೆ ದುಡ್ಡು ಕೊಡಬೇಡಿ. ಆದರೆ ಕರು ಹಾಕಿದ ಮೇಲೆ ಹಸು ತಿನ್ನುವುದಕ್ಕಿಂತ ಜಾಸ್ತಿ ಹಾಲು ಕೊಟ್ಟು ಸೊರಗಿದಾಗ, ಮೈಯ ಕೊಬ್ಬು ಕರಗಿ ರಕ್ತಕ್ಕೂ, ಅಲ್ಲಿಂದ ಅಂಡಾಣುವಿನ ಸುತ್ತಲಿನ ದ್ರವಕ್ಕೂ ಸೇರುತ್ತದೆ. ಪಾಮಿಟಿಕ್, ಸ್ಟಿಯರಿಕ್ ಆಮ್ಲಗಳು ಹೆಚ್ಚಾದರೆ ಅಂಡಾಣುವಿಗೆ ಹಾನಿ ಅನ್ನುವುದು ಲ್ಯಾಬಿನಲ್ಲಿ ಮತ್ತೆ ಮತ್ತೆ ಕಂಡಿದೆ. ಸೆರಮೈಡ್ ತಯಾರಿಗೆ ಪಾಮಿಟಿಕ್ ಆಮ್ಲವೇ ಕಚ್ಚಾ ಸಾಮಾನು. ಕರು ಹಾಕಿದ ಹಸುವಿಗೆ ಮೇವು ಸರಿಯಾಗಿ ಕೊಡಿ, ಬೇಸಿಗೆಯಲ್ಲಿ ನೆರಳು, ನೀರು ಕೊಡಿ ಅಂತ ಹಿರಿಯರು ಹೇಳುವುದಕ್ಕೆ ಅಂಡಾಣುವಿನ ಮಟ್ಟದಲ್ಲೂ ಕಾರಣ ಇದೆ.

ಬೆದೆಗೆ ತರಲು ಹಾಕುವ ಪಿಜಿ ಇಂಜೆಕ್ಷನ್ ಕೂಡ ಇದೇ ಮನೆತನದ್ದು. ಸೂಜಿಯಲ್ಲಿರುವುದು ಪಿಜಿಎಫ್2 ಆಲ್ಫಾ ಅಥವಾ ಅದರ ನಕಲು ಕ್ಲೋಪ್ರೊಸ್ಟೆನಾಲ್. ‘ಬೆದೆಗೇ ಬಂದಿಲ್ಲ, ಒಂದು ಇಂಜೆಕ್ಷನ್ ಹಾಕಿ’ ಅಂತ ಕರೆದಾಗ, ಅದು ಗಬ್ಬವಾಗಿಯೇ ಬೆದೆಗೆ ಬಾರದ ಹಸುವೂ ಆಗಿರಬಹುದು. ಡಾಕ್ಟರು ಕೈ ಹಾಕಿ ನೋಡಿದ ಮೇಲೇ ಸೂಜಿ.